ತೊಡೆಯ ಕೀಲು ಮುರಿದ ಹಿರಿಯರು, ಮೊದಲೇ ಇರುವ ಹೃದಯದ ಕಾಯಿಲೆ: ಅರಿವಳಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಚ್ಚಲಲ್ಲಿ ಜಾರಿ, ಹೊಸ್ತಿಲು ಎಡವಿ, ರಾತ್ರಿ ಎದ್ದಾಗ ಕಣ್ಣಿಗೆ ಕತ್ತಲು ಕವಿದು ಬಿದ್ದವರು. ಎಪ್ಪತ್ತೋ ಎಂಬತ್ತೋ ದಾಟಿದ ವಯಸ್ಸು. ಮನೆಯವರು ‘ಟೊಂಕ ಮುರದೈತಿ’ ಎನ್ನುತ್ತಾರೆ. ಮುರಿದಿರುವುದು ತೊಡೆಯ ಎಲುಬಿನ ಮೇಲ್ತುದಿ. ಜೊತೆಗೆ ಹಳೆಯ ಹಾರ್ಟ್ ಅಟ್ಯಾಕ್, ಸ್ಟೆಂಟ್, ವಾಲ್ವ್ ತೊಂದರೆ ಅಥವಾ ಹೃದಯದ ಪಂಪಿಂಗ್ ಶಕ್ತಿ ಕಡಿಮೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದಲ್ಲಿ ಇಂಥವರ ಮನೆಯವರು ಅರಿವಳಿಕೆ ವೈದ್ಯರನ್ನು ಕೇಳುವ ಪ್ರಶ್ನೆಗಳೂ ತಾಲೂಕು ಆಸ್ಪತ್ರೆಗಳ ವೈದ್ಯರು ಕೇಳುವ ಪ್ರಶ್ನೆಗಳೂ ಇಲ್ಲಿವೆ. ಔಷಧಿಗಳ ಪ್ರಮಾಣ ಬರೆದಿರುವುದು ವೈದ್ಯರಿಗಾಗಿ. ಮನೆಯವರು ತಾವಾಗಿಯೇ ಯಾವ ಗುಳಿಗೆಯನ್ನೂ ನಿಲ್ಲಿಸಬಾರದು, ಹೆಚ್ಚು ಕಡಿಮೆ ಮಾಡಬಾರದು.

ಮುತ್ಯಾನ ಹಾರ್ಟ್ ವೀಕ್ ಐತಿ ಅಂದಾರ. ಆಪರೇಷನ್ ತಡಕೋತಾರೇನ್ರಿ?

ಇದರ ಜೊತೆಗೇ ಇನ್ನೊಂದನ್ನೂ ಕೇಳಬೇಕು: ಹಾಸಿಗೆ ಹಿಡಿದು ಮಲಗುವುದನ್ನು ಆ ಹೃದಯ ತಡೆದುಕೊಳ್ಳುತ್ತದೆಯೇ? ಮುರಿದ ಎಲುಬು ಅಲುಗಿದಾಗಲೆಲ್ಲ ನೋವು, ನೋವಾದಾಗಲೆಲ್ಲ ನಾಡಿ ಮತ್ತು ಬಿಪಿ ಏರುತ್ತವೆ. ಕೀಲಿನ ಕೆಳಭಾಗದಲ್ಲಿ ಮುರಿದಿದ್ದರೆ ಹೊರಗೆ ಒಂದು ಹನಿಯೂ ಕಾಣದೆ ತೊಡೆಯೊಳಗೇ ಒಂದು ಲೀಟರಿನಷ್ಟು ರಕ್ತ ಸೇರಬಹುದು. ಮಲಗಿದಲ್ಲೇ ಕಫ ಕಟ್ಟಿ ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಬೆನ್ನಿಗೆ ಹುಣ್ಣು. ಇವೆಲ್ಲದರ ಹೊರೆ ಬೀಳುವುದು ಅದೇ ದುರ್ಬಲ ಹೃದಯದ ಮೇಲೆ.

ಅಪಾಯ ಸಣ್ಣದು ಎಂದು ನಾವು ಹೇಳುವುದಿಲ್ಲ. ಈ ಮುರಿತವಾದ ಹಿರಿಯರಲ್ಲಿ ಸುಮಾರು ನಾಲ್ಕೈದು ಜನರಲ್ಲಿ ಒಬ್ಬರು ಮೊದಲ ವರ್ಷದೊಳಗೇ ತೀರಿಕೊಳ್ಳುತ್ತಾರೆ. ಹೃದಯ ಕಾಯಿಲೆ ಇದ್ದರೆ ಅಪಾಯ ಇನ್ನೂ ಹೆಚ್ಚು. ಆದರೂ ಬಹುತೇಕರಿಗೆ ಆಪರೇಷನ್ನೇ ಕಡಿಮೆ ಅಪಾಯದ ದಾರಿ. ಮೊದಲಿನಿಂದಲೂ ನಡೆಯಲಾಗದವರಿಗೂ ನೋವು ಹೋಗಲಿ, ಮಗ್ಗುಲು ಬದಲಿಸಿ ಶುಚಿ ಮಾಡಲು ಬರಲಿ ಎಂದು ಆಪರೇಷನ್ ಮಾಡುವುದುಂಟು.

ಎಷ್ಟು ಹೊತ್ತಿನೊಳಗ ಆಗಬೇಕ್ರಿ?

ಸಾಧ್ಯವಾದರೆ 36 ಗಂಟೆಯೊಳಗೆ, ತಡವೆಂದರೆ 48 ಗಂಟೆಯೊಳಗೆ. 2020ರಲ್ಲಿ ಪ್ರಕಟವಾದ ‘ಹಿಪ್ ಅಟ್ಯಾಕ್’ ಅಧ್ಯಯನದಲ್ಲಿ ಭಾರತವೂ ಸೇರಿ 17 ದೇಶಗಳ 2,970 ರೋಗಿಗಳಿದ್ದರು. ಮುರಿತ ಗೊತ್ತಾದ ಸುಮಾರು 6 ಗಂಟೆಯಲ್ಲಿ ಆಪರೇಷನ್ ಆದವರಿಗೂ ಸುಮಾರು 24 ಗಂಟೆಯಲ್ಲಿ ಆದವರಿಗೂ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬೇಗ ಆದವರಲ್ಲಿ ಬುದ್ಧಿ ಗಲಿಬಿಲಿ ಕಡಿಮೆ ಇತ್ತು, ಅವರು ಬೇಗ ಎದ್ದು ನಿಂತರು. ಆದ್ದರಿಂದ ನಡುರಾತ್ರಿ ಅರ್ಧಂಬರ್ಧ ತಯಾರಿಯಲ್ಲಿ ಓಡಬೇಕಿಲ್ಲ. ಮರುದಿನ ಬೆಳಗಿನ ಮೊದಲ ಕೇಸ್ ಆಗಲಿ. ಐದನೇ ದಿನಕ್ಕೆ ತಳ್ಳುವುದಕ್ಕೆ ಆ ಅಧ್ಯಯನದಲ್ಲಿ ಯಾವ ಆಧಾರವೂ ಇಲ್ಲ.

ನಮ್ಮ ಭಾಗದಲ್ಲಿ ಗಡಿಯಾರ ಶುರುವಾಗುವುದು ಬಿದ್ದ ಗಳಿಗೆಯಿಂದ. ಎಲುಬು ಕಟ್ಟುವವರ ಬಳಿ ಎರಡು ದಿನ, ತಾಲೂಕಿನಲ್ಲಿ ಎಕ್ಸ್‌ರೇಗೆ ಅರ್ಧ ದಿನ, ‘ಮಿರಜ್‌ಗೆ ಒಯ್ಯೋಣೋ, ಸೊಲ್ಲಾಪುರಕ್ಕೋ’ ಎಂಬ ಮನೆಯವರ ಮಾತುಕತೆಗೆ ಒಂದು ದಿನ. ಅಷ್ಟರಲ್ಲಿ ಆ 48 ಗಂಟೆ ಎಂದೋ ಮುಗಿದಿರುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರರಲ್ಲೂ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಮೂಳೆ ತಜ್ಞರು, ಅರಿವಳಿಕೆ ವೈದ್ಯರು, ಐಸಿಯು, ರಕ್ತನಿಧಿ ಒಂದೇ ಕಡೆ ಇರುವ ಹತ್ತಿರದ ಆಸ್ಪತ್ರೆಗೆ ನೇರವಾಗಿ ಹೋಗುವುದು ಒಳ್ಳೆಯದು.

ಆಸ್ಪತ್ರೆಗೆ ತರೂಮುಂದ ಏನೇನ್ ಮಾಡಬೇಕು, ಏನೇನ್ ತರಬೇಕು?

ತಿಕ್ಕಬೇಡಿ, ಎಳೆಯಬೇಡಿ, ಬಿದಿರುಪಟ್ಟಿ ಕಟ್ಟಿಸಬೇಡಿ. ಮಂಡಿಯ ಕೆಳಗೆ ದಿಂಬಿಟ್ಟು, ಕಾಲು ಇದ್ದ ಭಂಗಿಯಲ್ಲೇ ಮಲಗಿಸಿ 108ಕ್ಕೆ ಕರೆ ಮಾಡಿ.

ಮನೆಯಲ್ಲಿರುವ ಗುಳಿಗೆಗಳ ಸ್ಟ್ರಿಪ್ಪುಗಳನ್ನು ಒಂದೂ ಬಿಡದೆ ಚೀಲಕ್ಕೆ ಹಾಕಿ. ‘ಬಿಪಿದೊಂದು ಬಿಳಿ ಗುಳಿಗಿ’ ಎಂದರೆ ಏನೂ ತಿಳಿಯುವುದಿಲ್ಲ. ರಕ್ತ ತೆಳುವಾಗಿಸುವ ಗುಳಿಗೆಯನ್ನು ಕಡೆಯ ಸಲ ಯಾವ ದಿನ, ಎಷ್ಟು ಗಂಟೆಗೆ ನುಂಗಿದರು ಎಂದು ಚೀಟಿಯಲ್ಲಿ ಬರೆಯಿರಿ. ಅರಿವಳಿಕೆಯ ಯೋಜನೆಯ ಅರ್ಧ ಭಾಗ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಹಳೆಯ ಎಕೋ (ಹೃದಯದ ಸ್ಕ್ಯಾನ್) ವರದಿ, ಸ್ಟೆಂಟ್ ಅಥವಾ ಪೇಸ್‌ಮೇಕರ್ ಕಾರ್ಡ್, ಹಳೆಯ ಇಸಿಜಿ ತನ್ನಿ. ಹಳೆಯ ಇಸಿಜಿ ಇದ್ದರೆ ಇಂದಿನ ಬದಲಾವಣೆ ಹೊಸದೋ ಹಳೆಯದೋ ಎಂಬುದು ಒಂದೇ ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಆಧಾರ್, ರೇಷನ್ ಕಾರ್ಡ್, ಕನ್ನಡಕ, ಕಿವಿ ಮಷಿನ್ ಮರೆಯಬೇಡಿ.

ಬಿದ್ದಿದ್ದಕ್ಕೂ ಹಾರ್ಟಿಗೂ ಸಂಬಂಧ ಇರತೈತೇನ್ರಿ?

ಇರಬಹುದು. ಜಾರಿ ಬಿದ್ದರೋ, ಮೊದಲು ಕಣ್ಣು ಕತ್ತಲಿಟ್ಟು ಆಮೇಲೆ ಬಿದ್ದರೋ ಎಂಬುದನ್ನು ನೋಡಿದವರನ್ನೇ ಕೇಳಬೇಕು. ಎಚ್ಚರ ತಪ್ಪಿ ಬಿದ್ದಿದ್ದರೆ ಹಾರ್ಟ್ ಬ್ಲಾಕ್, ನಾಡಿಯ ಲಯ ತಪ್ಪುವುದು, ಮಹಾಪಧಮನಿಯ ವಾಲ್ವ್ ಬಿಗಿಯಾಗಿರುವುದು, ಇವನ್ನು ಹುಡುಕಬೇಕು. ಬೇಸಿಗೆಯಲ್ಲಿ ವಿಜಯಪುರದಂಥ ಕಡೆ 40 ಡಿಗ್ರಿ ದಾಟುವ ಬಿಸಿಲು. ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರು ನೀರಿನಂಶ, ಸೋಡಿಯಂ ಕಳೆದುಕೊಂಡು ತಲೆ ತಿರುಗಿ ಬೀಳುವುದೂ ಇದೆ.

ಎಕೋ ಆಗಲಾರದ ಅರಿವಳಿಕೆ ಕೊಡೂದಿಲ್ಲ ಅಂತಾರ, ಎಕೋಗೆ ಎರಡು ದಿನ ಕಾಯಿರಿ ಅಂತಾರ. ಕಾಯಬೇಕೇನ್ರಿ?

ಬಹಳಷ್ಟು ಸಲ ಬೇಡ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಸಮಯ ಹಾಳಾಗುವುದು ಇಲ್ಲಿಯೇ.

ಎಕೋದಿಂದ ಯೋಜನೆ ಬದಲಾಗುವಂತಿದ್ದರೆ ಮಾತ್ರ ಅದಕ್ಕೆ ಕಾಯಬೇಕು. ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಮಹಾಪಧಮನಿಯ ಜಾಗದಲ್ಲಿ ಒರಟು ಮರ್ಮರ ಕೇಳಿಸಿ, ಜೊತೆಗೆ ಎಚ್ಚರ ತಪ್ಪಿದ, ಎದೆನೋವಿನ ಅಥವಾ ಏದುಸಿರಿನ ಇತಿಹಾಸವಿದ್ದರೆ ಎಕೋ ಬೇಕು. ಹೊಸದಾಗಿ ಉಸಿರಾಟ ಕಟ್ಟುತ್ತಿದ್ದು, ಶ್ವಾಸಕೋಶದಲ್ಲಿ ನೀರಿನ ಸದ್ದಿದ್ದರೆ ಬೇಕು. ಹತ್ತು ವರ್ಷದ ಹಿಂದೆ ಅಟ್ಯಾಕ್ ಆಗಿ, ಕಳೆದ ವಾರದವರೆಗೂ ಓಣಿಯಲ್ಲಿ ಓಡಾಡಿಕೊಂಡು, ಏದುಸಿರಿಲ್ಲದೆ ಚಪ್ಪಟೆಯಾಗಿ ಮಲಗಬಲ್ಲವರಿಗೆ ಎಕೋ ಹೊಸದೇನನ್ನೂ ಹೇಳುವುದಿಲ್ಲ. ಪಂಪಿಂಗ್ ಶೇ. 40 ಇದ್ದರೂ 50 ಇದ್ದರೂ ನಾವು ಕೊಡುವುದು ಅದೇ ಕಡಿಮೆ ಡೋಸ್, ಇಡುವುದು ಅದೇ ಎಚ್ಚರ.

ಅರಿವಳಿಕೆ ವೈದ್ಯರೇ ಹಾಸಿಗೆಯ ಬಳಿ ಐದು ನಿಮಿಷದಲ್ಲಿ ನೋಡುವ ಎಕೋ ಹಲವು ಸಲ ಸಾಕಾಗುತ್ತದೆ. ಎಡ ಕುಹರ ಚೆನ್ನಾಗಿ ಕುಗ್ಗುತ್ತಿದೆಯೇ, ವಾಲ್ವ್ ತೆರೆಯುತ್ತಿದೆಯೇ ಅಥವಾ ಸುಣ್ಣಗಟ್ಟಿ ನಿಂತಿದೆಯೇ, ಹೃದಯದ ಸುತ್ತ ನೀರಿದೆಯೇ: ಈ ಮೂರಕ್ಕೆ ಉತ್ತರ ಸಿಕ್ಕರೆ ಆಯಿತು. ಅದೂ ಅಲ್ಟ್ರಾಸೌಂಡ್ ಯಂತ್ರವೇ ಆದ್ದರಿಂದ ಆ ಆಸ್ಪತ್ರೆಯ ಹೆಸರಿನಲ್ಲೇ, ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿಯಾಗಿರಬೇಕು. ಬೇರೆ ಕಡೆಯಿಂದ ಎರವಲು ತರುವಂತಿಲ್ಲ. ಪೂರ್ಣ ಎಕೋ ಬೇಕೆಂದಾದರೆ ದಾಖಲಾದ ದಿನವೇ ಆಗಲಿ, ಸರದಿಯಲ್ಲಿ ಕೂರಿಸಬಾರದು.

‘ಫಿಟ್ನೆಸ್’ ಚೀಟಿಯ ಬಗ್ಗೆಯೂ ಒಂದು ಮಾತು. ‘ಹೈ ರಿಸ್ಕ್ ಮೇಲೆ ಫಿಟ್’ ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ಫಿಜಿಶಿಯನ್ ಅವರನ್ನು ಕೇಳಬೇಕಾದ್ದು ಇಷ್ಟು: ಇನ್ನು 24 ಗಂಟೆಯಲ್ಲಿ ಸುಧಾರಿಸಬಹುದಾದ್ದು ಏನಾದರೂ ಇದೆಯೇ, ಯಾವ ಗುಳಿಗೆ ಮುಂದುವರಿಸಬೇಕು, ಯಾವುದನ್ನು ತಡೆಯಬೇಕು.

ಮೊದಲು ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕಿ, ಆಮ್ಯಾಲೆ ಕಾಲು ನೋಡೂದು ಚಲೋ ಅಲ್ಲೇನ್ರಿ?

ಈಗಷ್ಟೇ ದೊಡ್ಡ ಅಟ್ಯಾಕ್ ಆಗಿದ್ದರೆ ಹೌದು. ಉಳಿದಂತೆ ಸಾಮಾನ್ಯವಾಗಿ ಅಲ್ಲ. ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳುವಾಗಿಸುವ ಎರಡು ಗುಳಿಗೆಗಳನ್ನು ತಿಂಗಳುಗಟ್ಟಲೆ ನಿಲ್ಲಿಸದೆ ಕೊಡಬೇಕಾಗುತ್ತದೆ. ಮುರಿದ ತೊಡೆ ಅಷ್ಟು ಕಾಯುವುದಿಲ್ಲ.

(ವೈದ್ಯರಿಂದ) ಹಾಗಾದರೆ ಮುಂದೂಡಲು ಸರಿಯಾದ ಕಾರಣ ಯಾವುದು?

ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘದ ಮಾರ್ಗಸೂಚಿ ಕೊಡುವ ಮಿತಿಗಳು ಇಲ್ಲಿಗೂ ಚೆನ್ನಾಗಿ ಹೊಂದುತ್ತವೆ:

- ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆ
- ಸೋಡಿಯಂ 120ಕ್ಕಿಂತ ಕಡಿಮೆ ಅಥವಾ 150ಕ್ಕಿಂತ ಹೆಚ್ಚು
- ಪೊಟ್ಯಾಸಿಯಂ 2.8ಕ್ಕಿಂತ ಕಡಿಮೆ ಅಥವಾ 6ಕ್ಕಿಂತ ಹೆಚ್ಚು
- ಸರಿಪಡಿಸಬಹುದಾದ ಲಯದ ತೊಂದರೆ, ನಾಡಿ ನಿಮಿಷಕ್ಕೆ 120ಕ್ಕಿಂತ ಹೆಚ್ಚು
- ಹೊಸದಾಗಿ ಉಲ್ಬಣಿಸಿದ ಹೃದಯ ವೈಫಲ್ಯ
- ನಂಜೇರಿದ ಎದೆಯ ಸೋಂಕು, ಹಿಡಿತಕ್ಕೆ ಸಿಗದ ಸಕ್ಕರೆ, ಸರಿಪಡಿಸಬಹುದಾದ ರಕ್ತಸ್ರಾವದ ದೋಷ

ಮುಂದೂಡಿದರೆ ಗುರಿ ಮತ್ತು ಗಂಟೆ ಎರಡನ್ನೂ ಕೇಸ್ ಶೀಟಿನಲ್ಲಿ ಬರೆಯಿರಿ: ‘ನಾಡಿ 100ಕ್ಕಿಂತ ಕೆಳಗೆ, ಸಂಜೆ 6ಕ್ಕೆ ಮತ್ತೆ ನೋಡುವುದು’ ಎಂಬಂತೆ. ನಾಡಿಯ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ನಾಡಿ 140 ಇದ್ದರೆ ಲಯ ಸರಿಪಡಿಸುವ ಅಮಿಯೊಡರೋನ್‌ಗೆ ಕೈ ಹಾಕುವ ಮೊದಲು ನೋವು, ನೀರಿನ ಕೊರತೆ, ಪೊಟ್ಯಾಸಿಯಂ, ಮೆಗ್ನೀಸಿಯಂ, ಸೋಂಕು ಇವನ್ನು ನೋಡಿ. ನರದ ಬ್ಲಾಕ್ (ತೊಡೆಯ ನರಗಳ ಬಳಿ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟು ಅರ್ಧ ಲೀಟರ್ ದ್ರವ ಹೋಗುವಷ್ಟರಲ್ಲಿ ಹಲವರ ನಾಡಿ ತಾನೇ ಇಳಿಯುತ್ತದೆ.

ಗುಳಿಗಿ ಯಾವುದು ಬಿಡಸಬೇಕು, ಯಾವುದು ಕೊಡಬೇಕು?

ನಾಡಿ ನಿಧಾನಗೊಳಿಸುವ ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಕಾರ್ವೆಡಿಲಾಲ್ ಮೊದಲಿನಿಂದ ಇದ್ದರೆ ಆಪರೇಷನ್ ದಿನವೂ ಒಂದು ಗುಟುಕು ನೀರಿನಲ್ಲಿ ಕೊಡಬೇಕು. ತಟ್ಟನೆ ನಿಂತರೆ ನಾಡಿ ಓಡುತ್ತದೆ, ಹೃದಯಕ್ಕೆ ರಕ್ತ ಸಾಲುವುದಿಲ್ಲ. ಇಲ್ಲದವರಿಗೆ ಆ ದಿನ ಹೊಸದಾಗಿ ದೊಡ್ಡ ಡೋಸ್ ಶುರು ಮಾಡಬಾರದು. 2008ರ ‘ಪಾಯ್ಸ್’ ಅಧ್ಯಯನದಲ್ಲಿ ಹಾಗೆ ಮಾಡಿದವರಲ್ಲಿ ಹೃದಯಾಘಾತ ತಗ್ಗಿತು, ಲಕ್ವ ಮತ್ತು ಸಾವು ಹೆಚ್ಚಿದವು. ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್‌ನಂಥವು ಮುಂದುವರಿಯಲಿ.

ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್ ಮತ್ತು ಸಾಕ್ಯುಬಿಟ್ರಿಲ್ ಸೇರಿದ ಗುಳಿಗೆಯನ್ನು 24 ಗಂಟೆ ಮೊದಲು ತಡೆಯುವುದು ವಾಡಿಕೆ, ಇಲ್ಲವಾದರೆ ಅರಿವಳಿಕೆಯಲ್ಲಿ ಬಿಪಿ ಕುಸಿಯುವ ಸಂಭವ ಹೆಚ್ಚು. ಇಲ್ಲೊಂದು ಕಣ್ತಪ್ಪು ಪದೇ ಪದೇ ಆಗುತ್ತದೆ: ಟೆಲ್ಮಿಸಾರ್ಟನ್ ಮತ್ತು ಮೆಟೊಪ್ರೊಲಾಲ್ ಒಂದೇ ಗುಳಿಗೆಯಲ್ಲಿ ಸೇರಿರುವುದುಂಟು. ‘ಬಿಪಿ ಗುಳಿಗೆ ಬೇಡ’ ಎಂದರೆ ಎರಡೂ ನಿಂತುಹೋಗುತ್ತವೆ. ಮೆಟೊಪ್ರೊಲಾಲ್ ಒಂದನ್ನೇ ಬೇರೆ ಬರೆದುಕೊಡಬೇಕು.

ಆಸ್ಪಿರಿನ್ 75 ಮುಂದುವರಿಯಲಿ, ಬೆನ್ನಿಗೆ ಇಂಜೆಕ್ಷನ್ ಕೊಡುವ ಸ್ಪೈನಲ್‌ಗೆ ಅದು ಅಡ್ಡಿಯಲ್ಲ. ಕ್ಲೊಪಿಡೊಗ್ರೆಲ್ ಇದ್ದರೆ ಸ್ಪೈನಲ್‌ಗೆ 5ರಿಂದ 7 ದಿನ ಬಿಡುವು ಬೇಕೆನ್ನುತ್ತಾರೆ. ಅದಕ್ಕಾಗಿ ಆಪರೇಷನ್ ವಾರ ಮುಂದೂಡುವುದು ತಪ್ಪು. ನರದ ಬ್ಲಾಕ್ ಜೊತೆ ಪೂರ್ತಿ ಮಂಪರು ಕೊಟ್ಟು ಮಾಡಬಹುದು. ಸ್ಟೆಂಟ್ ಹಾಕಿ ಕೆಲವೇ ತಿಂಗಳಾಗಿದ್ದರೆ ಹೃದ್ರೋಗ ತಜ್ಞರನ್ನು ಕೇಳದೆ ಎರಡರಲ್ಲಿ ಒಂದನ್ನೂ ನಿಲ್ಲಿಸಬೇಡಿ. ಮೊದಲ ತಿಂಗಳಲ್ಲಿ ಸ್ಟೆಂಟ್ ಮುಚ್ಚುವ ಭಯ ಎಲ್ಲಕ್ಕಿಂತ ಹೆಚ್ಚು.

ವಾರ್ಫರಿನ್ ಅಥವಾ ಅಸಿಟ್ರಾಮ್ ನುಂಗುವವರಿಗೆ ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಐಎನ್‌ಆರ್ 1.5ಕ್ಕಿಂತ ಕೆಳಗೆ ಬರಬೇಕು. ವಿಟಮಿನ್ ಕೆ 1ರಿಂದ 3 ಮಿ.ಗ್ರಾಂ ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟು, ಆರು ಗಂಟೆಯ ನಂತರ ಮತ್ತೆ ಪರೀಕ್ಷೆ. ಸುಮ್ಮನೆ ‘ಗುಳಿಗೆ ನಿಲ್ಲಿಸಿ ಕಾಯೋಣ’ ಎಂದರೆ ನಾಲ್ಕೈದು ದಿನ ಹೋಗುತ್ತದೆ. ಲೋಹದ ವಾಲ್ವ್ ಇರುವವರ ವಿಷಯ ಬೇರೆ. ಅವರಿಗೆ ನಡುವೆ ಹೆಪಾರಿನ್ ಬೇಕಾದೀತು, ತಜ್ಞರ ಮಾತಿನಂತೆಯೇ ನಡೆಯಬೇಕು. ಅಪಿಕ್ಸಬಾನ್, ರಿವರಾಕ್ಸಬಾನ್, ಡಬಿಗಾಟ್ರಾನ್ ಇದ್ದರೆ ಕಡೆಯ ಡೋಸಿನ ಗಂಟೆ ಮತ್ತು ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡಿ ಲೆಕ್ಕ. ಪೂರ್ಣ ಡೋಸ್ ನುಂಗುವವರಿಗೆ ಸ್ಪೈನಲ್‌ಗೆ ಸಾಮಾನ್ಯವಾಗಿ 72 ಗಂಟೆ ಬಿಡುತ್ತಾರೆ. ಪೂರ್ತಿ ಮಂಪರಿನಲ್ಲಿ 24ರಿಂದ 48 ಗಂಟೆಗೇ ಮುಂದುವರಿಯಬಹುದು.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಈಗ ಸಕ್ಕರೆ ಕಾಯಿಲೆ ಇಲ್ಲದ ಹೃದ್ರೋಗಿಗಳಿಗೂ ಕೊಡುತ್ತಾರೆ. ಮೊದಲೇ ದಿನ ಗೊತ್ತಾದ ಆಪರೇಷನ್ನಿನಂತೆ ಮೂರು ದಿನ ಮೊದಲು ನಿಲ್ಲಿಸುವ ಅವಕಾಶ ಇಲ್ಲಿ ಇರುವುದಿಲ್ಲ. ದಾಖಲಾದ ಕೂಡಲೇ ನಿಲ್ಲಿಸಿ, ಕೀಟೋನ್ ಪರೀಕ್ಷಿಸಿ. ಸಕ್ಕರೆ 160 ಇದ್ದೂ ರಕ್ತ ಆಮ್ಲೀಯವಾಗಬಹುದು, ಗ್ಲುಕೋಮೀಟರ್ ನೋಡಿ ಸಮಾಧಾನಪಡಬಾರದು.

ಬೆನ್ನಿಗೆ ಇಂಜೆಕ್ಷನ್ ಕೊಡ್ತೀರೋ, ಪೂರ್ತಿ ಮಬ್ಬು ಬರಸ್ತೀರೋ? ಯಾವುದು ಸೇಫ್?

ಬೆನ್ನಿನದೇ ಸುರಕ್ಷಿತ ಎಂಬ ನಂಬಿಕೆ ಬಹಳ ಗಟ್ಟಿ. 2021ರಲ್ಲಿ ಅಮೆರಿಕ ಮತ್ತು ಕೆನಡಾದ 1,600 ರೋಗಿಗಳ ‘ರೀಗೇನ್’ ಅಧ್ಯಯನ ಇದನ್ನು ಒರೆಗೆ ಹಚ್ಚಿತು: 60ನೇ ದಿನಕ್ಕೆ ತೀರಿಕೊಂಡವರು ಅಥವಾ ನಡೆಯಲಾಗದವರು ಸ್ಪೈನಲ್‌ನಲ್ಲಿ ಶೇ. 18.5, ಪೂರ್ತಿ ಮಂಪರಿನಲ್ಲಿ ಶೇ. 18. ಮರುವರ್ಷ ಬಂದ ಚೀನಾದ ‘ರಾಗಾ’ ಅಧ್ಯಯನದಲ್ಲಿ ಬುದ್ಧಿ ಗಲಿಬಿಲಿಯಲ್ಲೂ ವ್ಯತ್ಯಾಸ ಕಾಣಲಿಲ್ಲ. ಎರಡರಲ್ಲಿ ಯಾವುದೇ ಇರಲಿ, ಬಿಪಿ ಬೀಳದಂತೆ ನೋಡಿಕೊಂಡರೆ ಹೃದಯ ಉಳಿಯುತ್ತದೆ.

ಆದ್ದರಿಂದ ರೋಗಿಯನ್ನು ನೋಡಿ ಆರಿಸುತ್ತೇವೆ. ಶ್ವಾಸಕೋಶ ಕೆಟ್ಟಿದ್ದರೆ ಸ್ಪೈನಲ್ ಕಡೆ ಒಲವು. ರಕ್ತ ತೆಳುವಾಗಿಸುವ ಔಷಧಿ ಇದ್ದರೆ, ಚಪ್ಪಟೆ ಮಲಗಲಾಗದಷ್ಟು ಏದುಸಿರಿದ್ದರೆ, ವಾಲ್ವ್ ತೀರಾ ಬಿಗಿಯಾಗಿದ್ದರೆ ಪೂರ್ತಿ ಮಂಪರಿನ ಕಡೆ.

(ವೈದ್ಯರಿಂದ) ದುರ್ಬಲ ಹೃದಯಕ್ಕೆ ಸ್ಪೈನಲ್ ಕೊಡುವುದು ಹೇಗೆ? ಬಿಪಿ ಯಾಕೆ ಕುಸಿಯುತ್ತದೆ?

ಹೆಚ್ಚಿನ ಸಲ ಕಾರಣ ಡೋಸ್. 80 ವರ್ಷದ, 45 ಕೆ.ಜಿ. ತೂಕದ ಆಯಿಗೆ 3 ಮಿ.ಲೀ. ಹೆವಿ ಬುಪಿವಕೇನ್, ಅಂದರೆ 15 ಮಿ.ಗ್ರಾಂ ಕೊಟ್ಟರೆ ಮರಗಟ್ಟುವಿಕೆ ಎದೆಯವರೆಗೆ ಏರುತ್ತದೆ, ರಕ್ತನಾಳಗಳು ಸಡಿಲಾಗುತ್ತವೆ, ಗಟ್ಟಿಯಾದ ಹಳೆಯ ಹೃದಯಕ್ಕೆ ತುಂಬಿಕೊಳ್ಳಲು ರಕ್ತವೇ ಸಿಗುವುದಿಲ್ಲ. 1.4ರಿಂದ 1.8 ಮಿ.ಲೀ., ಅಂದರೆ 7ರಿಂದ 9 ಮಿ.ಗ್ರಾಂ, ಜೊತೆಗೆ ಫೆಂಟನಿಲ್ 15ರಿಂದ 20 ಮೈಕ್ರೋಗ್ರಾಂ ಸಾಕು. ಕಡಿಮೆ ಡೋಸ್ ಸುಮಾರು ಒಂದೂವರೆ ಗಂಟೆ ನಿಲ್ಲುತ್ತದೆ, ಹಾಗಾಗಿ ಸರ್ಜನ್ ಮತ್ತು ಇಂಪ್ಲಾಂಟ್ ಎರಡೂ ಸಿದ್ಧವಾದ ಮೇಲೆಯೇ ಸೂಜಿ ಹಾಕಬೇಕು.

ಅದಕ್ಕೂ ಮೊದಲು ನರದ ಬ್ಲಾಕ್. ಫ್ಯಾಶಿಯಾ ಇಲಿಯಾಕಾ ಬ್ಲಾಕ್‌ಗೆ 0.2 ಶೇಕಡಾ ರೋಪಿವಕೇನ್ 30 ಮಿ.ಲೀ., ಅಥವಾ 2018ರಿಂದ ಬಳಕೆಗೆ ಬಂದ ಪೆಂಗ್ ಬ್ಲಾಕ್‌ಗೆ 20 ಮಿ.ಲೀ., ಅಲ್ಟ್ರಾಸೌಂಡ್ ನೋಡಿಕೊಂಡು. 20ರಿಂದ 30 ನಿಮಿಷ ಬಿಟ್ಟರೆ ರೋಗಿ ನೋವಿಲ್ಲದೆ ಮಗ್ಗುಲಾಗುತ್ತಾರೆ. ಅವಸರದಲ್ಲಿ ಐದೇ ನಿಮಿಷಕ್ಕೆ ತಿರುಗಿಸಿ ‘ಬ್ಲಾಕ್ ಕೆಲಸ ಮಾಡಲಿಲ್ಲ’ ಎನ್ನುವುದು ಸಾಮಾನ್ಯ ತಪ್ಪು. ಬುಪಿವಕೇನ್ ಮಿತಿ ಕೆ.ಜಿ.ಗೆ 2 ಮಿ.ಗ್ರಾಂ, ರೋಪಿವಕೇನ್‌ಗೆ 3. ಈ ಔಷಧಿ ರಕ್ತಕ್ಕೆ ಸೇರಿ ವಿಷವಾದರೆ ಕೊಡುವ ಶೇ. 20ರ ಲಿಪಿಡ್ ದ್ರಾವಣ ಕೈಗೆಟಕುವಲ್ಲಿರಲಿ. ಈ ಬ್ಲಾಕನ್ನು ವಾರ್ಡಿಗೆ ಬಂದ ದಿನವೇ ಕೊಟ್ಟರೆ ಇನ್ನೂ ಒಳ್ಳೆಯದು. ಪ್ಯಾರಸಿಟಮಾಲ್ ಜೊತೆಯಾದರೆ ಡೈಕ್ಲೋಫೆನಾಕ್ ಬೇಕಾಗುವುದಿಲ್ಲ. ಹೃದಯ ವೈಫಲ್ಯವಿರುವ ಹಿರಿಯರ ಕಿಡ್ನಿಗೆ ಡೈಕ್ಲೋಫೆನಾಕ್ ನೇರ ಪೆಟ್ಟು.

ಬಿಪಿ ಬೀಳುವ ಮೊದಲೇ ಔಷಧಿ ತಯಾರಿರಲಿ. ಫಿನೈಲೆಫ್ರಿನ್ 10 ಮಿ.ಗ್ರಾಂ ಆಂಪೂಲನ್ನು 100 ಮಿ.ಲೀ. ಸಲೈನಿಗೆ ಸೇರಿಸಿದರೆ ಪ್ರತಿ ಮಿ.ಲೀ.ಗೆ 100 ಮೈಕ್ರೋಗ್ರಾಂ. ಸಲಕ್ಕೆ ಅರ್ಧದಿಂದ ಒಂದು ಮಿ.ಲೀ. ಸಿರಿಂಜಿಗೆ ಚೀಟಿ ಅಂಟಿಸಲೇಬೇಕು, ಬೆರೆಸುವ ಲೆಕ್ಕ ತಪ್ಪಿದರೆ ನೂರು ಪಟ್ಟು ಡೋಸ್ ಹೋಗಬಹುದು. ಮೆಫೆಂಟರ್ಮಿನ್ ನಾಡಿಯನ್ನೂ ಏರಿಸುವುದರಿಂದ ರಕ್ತನಾಳ ಕಿರಿದಾದವರಿಗೆ ಮೊದಲ ಆಯ್ಕೆಯಲ್ಲ. ಪಂಪಿಂಗ್ ತೀರಾ ಕಡಿಮೆಯಿದ್ದು ನಾಡಿಯೂ ನಿಧಾನವಾಗಿದ್ದರೆ ನಾರ್‌ಅಡ್ರಿನಲಿನ್ ವಾಸಿ. ಸಿಸ್ಟಾಲಿಕ್ ಬಿಪಿ ಮೊದಲಿನ ಶೇ. 20ರ ಒಳಗಿರಲಿ, ಸರಾಸರಿ ಬಿಪಿ 65–70ಕ್ಕಿಂತ ಇಳಿಯದಿರಲಿ. ಮೊದಲೇ ಒಂದು ಲೀಟರ್ ದ್ರವ ಸುರಿಯಬೇಡಿ. ಸ್ಪೈನಲ್ ಇಳಿದ ಮೇಲೆ ಅದು ಶ್ವಾಸಕೋಶದಲ್ಲಿ ಕಾಣಿಸುತ್ತದೆ. 250 ಮಿ.ಲೀ. ಕೊಟ್ಟು ನೋಡಿ, ಮತ್ತೆ ಕೊಡಿ.

(ವೈದ್ಯರಿಂದ) ಮಹಾಪಧಮನಿಯ ವಾಲ್ವ್ ತೀವ್ರವಾಗಿ ಕಿರಿದಾಗಿದ್ದರೆ?

ವಾಲ್ವ್ ತೆರೆಯುವ ಜಾಗ 1 ಚದರ ಸೆಂ.ಮೀ.ಗಿಂತ ಕಡಿಮೆ, ಸರಾಸರಿ ಒತ್ತಡದ ಅಂತರ 40 ಮಿ.ಮೀ. ಅಥವಾ ಹೆಚ್ಚು, ವೇಗ ಸೆಕೆಂಡಿಗೆ 4 ಮೀಟರ್ ಅಥವಾ ಹೆಚ್ಚು: ಇದು ತೀವ್ರ. ಆಗಲೂ ಆಪರೇಷನ್ ರದ್ದಾಗುವುದಿಲ್ಲ. ಅರಿವಳಿಕೆಗೆ ಮೊದಲೇ ಮಣಿಕಟ್ಟಿನ ಧಮನಿಯಲ್ಲಿ ಲೈನ್, ನಾಡಿ 60ರಿಂದ 80ರ ಆಸುಪಾಸು, ಲಯ ಕೆಟ್ಟು ಬಿಪಿ ಕುಸಿದರೆ ತಕ್ಷಣ ಶಾಕ್ ಕೊಡಲು ಪ್ಯಾಡ್ ಸಿದ್ಧ. ಬಿಪಿ ಇಳಿದರೆ ಹೃದಯದ ಸ್ನಾಯುವಿಗೇ ರಕ್ತ ಸಿಗದೆ, ಅದರಿಂದ ಬಿಪಿ ಇನ್ನಷ್ಟು ಇಳಿಯುವ ಸುಳಿ ಶುರುವಾಗುತ್ತದೆ. ಅಲ್ಲಿಂದ ಮೇಲೆತ್ತುವುದು ಬಹಳ ಕಷ್ಟ, ಆದ್ದರಿಂದ ಫಿನೈಲೆಫ್ರಿನ್ ಅಥವಾ ನಾರ್‌ಅಡ್ರಿನಲಿನ್ ಮೊದಲಿನಿಂದಲೇ ಸಣ್ಣಗೆ ಓಡುತ್ತಿರಲಿ.

ಸಿಮೆಂಟ್ ಹಾಕೂಮುಂದ ಹಾರ್ಟ್ ನಿಲ್ಲತೈತಿ ಅಂತಾರ, ಖರೇನಾ?

ಅಪರೂಪ, ಆದರೆ ಖರೆ. ತೊಡೆ ಎಲುಬಿನ ಮೇಲ್ತುದಿಯ ಗೋಲ ಬದಲಿಸುವಾಗ ಎಲುಬಿನ ಕೊಳವೆಗೆ ಸಿಮೆಂಟ್ ಒತ್ತಿದಾಗ ಕೊಬ್ಬು, ಮಜ್ಜೆಯ ಚೂರುಗಳು ರಕ್ತಕ್ಕೆ ಸೇರಿ ಶ್ವಾಸಕೋಶದ ನಾಳಗಳನ್ನು ಕಟ್ಟುತ್ತವೆ; ಆಮ್ಲಜನಕ ಮತ್ತು ಬಿಪಿ ಒಟ್ಟಿಗೇ ಇಳಿಯುತ್ತವೆ. ಹೃದಯ, ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ಭಯ ಹೆಚ್ಚು. ಸರ್ಜನ್ ಕೊಳವೆಯನ್ನು ಚೆನ್ನಾಗಿ ತೊಳೆದು ಒಣಗಿಸಬೇಕು, ಗನ್‌ನಿಂದ ಕೆಳಗಿನಿಂದ ಮೇಲಕ್ಕೆ ತುಂಬಬೇಕು, ಜೋರಾಗಿ ಒತ್ತಬಾರದು. ‘ಸಿಮೆಂಟ್ ಹಾಕ್ತಿದ್ದೇನೆ’ ಎಂದು ಗಟ್ಟಿಯಾಗಿ ಹೇಳಬೇಕು. ಆ ಮಾತು ಕೇಳಿದ ಕೂಡಲೇ ಅರಿವಳಿಕೆ ವೈದ್ಯರು ಬಿಪಿ ಏರಿಸುವ ಸಿರಿಂಜ್ ಕೈಗೆ ತೆಗೆದುಕೊಳ್ಳುತ್ತಾರೆ.

ರಕ್ತ ಎಷ್ಟ್ ಬಾಟಲಿ ಬೇಕ್ರಿ?

ಎರಡು ಯೂನಿಟ್ ಹೊಂದಾಣಿಕೆ ಮಾಡಿಟ್ಟುಕೊಳ್ಳುತ್ತೇವೆ, ಅಷ್ಟೂ ಕೊಡಲೇಬೇಕೆಂದಿಲ್ಲ. 2011ರ ‘ಫೋಕಸ್’ ಅಧ್ಯಯನದಲ್ಲಿ ಹೃದಯ ಕಾಯಿಲೆಯಿದ್ದ ಅಥವಾ ಅದರ ಅಪಾಯವಿದ್ದ 2,016 ಹಿರಿಯರಿಗೆ ಹಿಮೋಗ್ಲೋಬಿನ್ 10ಕ್ಕಿಂತ ಮೇಲಿರಬೇಕೆಂದು ರಕ್ತ ಕೊಟ್ಟಿದ್ದರಿಂದ, 8ರವರೆಗೆ ಕಾದಿದ್ದಕ್ಕಿಂತ ಲಾಭವಾಗಲಿಲ್ಲ. ಎದೆನೋವು, ಏದುಸಿರು ಇದ್ದರೆ ಅಷ್ಟು ಕಾಯುವುದಿಲ್ಲ. ಒಂದು ಯೂನಿಟ್ ನಿಧಾನವಾಗಿ ಕೊಟ್ಟು, ಮತ್ತೆ ಪರೀಕ್ಷಿಸಿ ಮುಂದಿನದು.

ರಾತ್ರಿಯಿಂದ ನೀರೂ ಕೊಡಬ್ಯಾಡ್ರಿ ಅಂದಾರ. ಪಾಪ, ಬಾಯಿ ಒಣಗೇತಿ.

ಅಷ್ಟು ಬೇಡ. ರೊಟ್ಟಿ, ನುಚ್ಚು, ಹಾಲು, ಮಜ್ಜಿಗೆ, ಅಂಬಲಿ ಆರು ಗಂಟೆ ಮೊದಲು ನಿಲ್ಲಲಿ. ನೀರು, ಸಕ್ಕರೆ ನೀರು, ಹಾಲಿಲ್ಲದ ಚಹಾ ಎರಡು ಗಂಟೆ ಮೊದಲಿನವರೆಗೂ ಕೊಡಬಹುದು. ಆಪರೇಷನ್ ಮುಂದಕ್ಕೆ ಹೋಯಿತೆಂದು ಗೊತ್ತಾದರೆ ಹೊಸ ಸಮಯ ಕೇಳಿಕೊಂಡು ಮತ್ತೆ ಕುಡಿಸಲು ಕೇಳಿ. ಒಣಗಿದ ದೇಹಕ್ಕೆ ಅರಿವಳಿಕೆ ಕೊಟ್ಟರೆ ಬಿಪಿ ಬೀಳುವುದು ಖಚಿತ.

ಪೇಸ್‌ಮೇಕರ್ ಐತಿ, ನಡೀತೈತೇನ್ರಿ?

ನಡೆಯುತ್ತದೆ. ಕಾಟರಿ (ವಿದ್ಯುತ್ತಿನಿಂದ ರಕ್ತ ನಿಲ್ಲಿಸುವ ಸಾಧನ) ಪ್ಯಾಡನ್ನು ತೊಡೆ ಅಥವಾ ಪಿರ್ರೆಗೆ ಹಚ್ಚಿದರೆ ವಿದ್ಯುತ್ತಿನ ದಾರಿ ಎದೆಯಿಂದ ದೂರ ಉಳಿಯುತ್ತದೆ. ಶಾಕ್ ಕೊಡುವ ಐಸಿಡಿ ಆಗಿದ್ದರೆ ಮೊದಲೇ ಹೇಳಿ. ಅಯಸ್ಕಾಂತ ಇಟ್ಟಾಗ ಪೇಸ್‌ಮೇಕರ್ ಸಾಮಾನ್ಯವಾಗಿ ಒಂದೇ ವೇಗದಲ್ಲಿ ಬಡಿಯತೊಡಗುತ್ತದೆ, ಐಸಿಡಿಯಲ್ಲಾದರೆ ಶಾಕ್ ಕೊಡುವುದು ನಿಲ್ಲುತ್ತದೆ.

ಆಪರೇಷನ್ ಆದಮ್ಯಾಲೆ ಅವ್ವ ಏನೇನೋ ಮಾತಾಡ್ಲಿಕ್ಕತ್ತಾಳ. ಅರಳು ಮರಳಾತೇನ್ರಿ?

ದಿಢೀರನೆ ಬಂದು, ಸಂಜೆಗೆ ಹೆಚ್ಚಾಗಿ, ಬೆಳಿಗ್ಗೆ ಇಳಿಯುವ ಗಲಿಬಿಲಿ ಅರಳು ಮರಳಲ್ಲ, ಡೆಲಿರಿಯಮ್. ಅದರ ಹಿಂದೆ ಕಾರಣವಿರುತ್ತದೆ: ನೋವು, ಮೂತ್ರ ಕಟ್ಟಿರುವುದು, ಮಲಬದ್ಧತೆ, ಸೋಡಿಯಂ ಇಳಿದಿರುವುದು, ಆಮ್ಲಜನಕ ಸಾಲದಿರುವುದು, ಕೆಲವೊಮ್ಮೆ ಸದ್ದಿಲ್ಲದ ಹೃದಯಾಘಾತ. ಕನ್ನಡಕ, ಕಿವಿ ಮಷಿನ್ ಹಾಕಿ. ಪರಿಚಿತ ಮುಖ ಒಂದು ಸದಾ ಪಕ್ಕದಲ್ಲಿರಲಿ. ಹಗಲು ಬೆಳಕು, ರಾತ್ರಿ ಕತ್ತಲೆ ಇರಲಿ. ವೈದ್ಯರು ಮಿಡಜೋಲಾಮ್ ತಪ್ಪಿಸಬೇಕು. ರಕ್ತ ಕೊಡುವ ಮೊದಲು ರೂಢಿಯಂತೆ ಹಾಕುವ ಫೆನಿರಮಿನ್ ಇಂಜೆಕ್ಷನ್ ಕೂಡ ಗಲಿಬಿಲಿ ಹೆಚ್ಚಿಸುತ್ತದೆ.

ಹಾರ್ಟಿಗೆ ಭಯ ಯಾವಾಗಿನವರೆಗೆ?

ಮೊದಲ ಮೂರು ದಿನ ಹೆಚ್ಚು. ಆಪರೇಷನ್ ನಂತರದ ಹೃದಯಾಘಾತದಲ್ಲಿ ಬಹುಪಾಲು ಜನರಿಗೆ ಎದೆನೋವೇ ಇರುವುದಿಲ್ಲ, ನೋವಿನ ಔಷಧಿಯಲ್ಲಿ ಅದು ಮುಚ್ಚಿಹೋಗಿರುತ್ತದೆ. ಹಾಗಾಗಿ ಮೊದಲ ಎರಡು ಮೂರು ದಿನ ಹೃದಯದ ಪೆಟ್ಟು ತೋರಿಸುವ ಟ್ರೋಪೊನಿನ್ ರಕ್ತಪರೀಕ್ಷೆ ಮತ್ತು ಇಸಿಜಿ ನೋಡುವುದು ಒಳ್ಳೆಯದು. ರಾತ್ರಿ ಆಮ್ಲಜನಕ, ನಾಡಿ, ಬಿಪಿ, ಹಿಮೋಗ್ಲೋಬಿನ್ ಮೇಲೆ ಕಣ್ಣಿರಲಿ. ಮೊದಲ ರಾತ್ರಿ ವಾರ್ಡಿಗಿಂತ ಹೆಚ್ಚು ನಿಗಾ ಇರುವ ಎಚ್‌ಡಿಯು ಹಾಸಿಗೆ ಸಿಕ್ಕರೆ ಉತ್ತಮ.

ಮರುದಿನ ಬೆಳಿಗ್ಗೆಯೇ ಕೂರಿಸುತ್ತೇವೆ, ಆದರೆ ಹಂತ ಹಂತವಾಗಿ: ಮೊದಲು ತಲೆದೆಸೆ ಎತ್ತಿ ಐದು ನಿಮಿಷ, ಆಮೇಲೆ ಕಾಲು ಇಳಿಬಿಟ್ಟು ಬಿಪಿ ನೋಡಿ, ಆಮೇಲೆ ವಾಕರ್ ಹಿಡಿದು ನಿಲ್ಲಿಸುವುದು. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ನಿಲ್ಲಿಸಿದ ಗುಳಿಗೆಗಳನ್ನು ಬಿಪಿ ಮತ್ತು ಕ್ರಿಯಾಟಿನಿನ್ ಸರಿಯಿದ್ದರೆ ಎರಡನೇ ದಿನದ ಹೊತ್ತಿಗೆ ಮತ್ತೆ ಶುರು ಮಾಡಬೇಕು. ರಕ್ತ ತೆಳುವಾಗಿಸುವ ಗುಳಿಗೆಯನ್ನು ಯಾವ ದಿನದಿಂದ ಶುರು ಮಾಡಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ತಾರೀಖಿನ ಸಮೇತ ಬರೆಸಿಕೊಳ್ಳಿ. ಬರೆದಿಲ್ಲವಾದರೆ ಆಸ್ಪತ್ರೆ ಬಿಡುವ ಮೊದಲೇ ಕೇಳಿ.